ಸರ್ಕಾರಿ ಶಾಲೆಯ ಗೋಡೆಗೆ ಹಸೆ ಚಿತ್ತಾರ: ಕೆಲಸ ಹೇಗಿದೆ, ಎಷ್ಟು ಮಳೆಗಾಲ ತಡೆಯುತ್ತದೆ

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೀವರ ಸಮುದಾಯದ ಹಸೆ ಚಿತ್ತಾರದ ಮೂರು ಕೆಲಸಗಳಿವೆ. ಜಗುಲಿ ಗೋಡೆಯ ಮೇಲೆ ದೊಡ್ಡದೊಂದು, ರಸ್ತೆ ಬದಿಯ ಕಾಂಪೌಂಡಿಗೆ ಉದ್ದನೆಯ ಪಟ್ಟಿ, ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಚಿಕ್ಕದೊಂದು. ಮೂರನ್ನೂ ಬರೆದದ್ದು ಅದೇ ಸೀಮೆಯ ಒಬ್ಬ ಕಲಾವಿದೆ. ಕೈ ಒಂದೇ, ಬಾಳಿಕೆ ಮಾತ್ರ ಮೂರು ತರಹ. ಹಲಗೆಯದು ಮೊನ್ನೆ ಬರೆದಂತಿದೆ. ಜಗುಲಿಯದು ಕೆಳಗಿನ ಒಂದಡಿ ಬಿಟ್ಟರೆ ಗಟ್ಟಿಯಾಗಿದೆ. ಕಾಂಪೌಂಡಿನದು ಎರಡೇ ಮಳೆಗಾಲಕ್ಕೆ ಸಿಪ್ಪೆ ಎದ್ದಿದೆ. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಾದ ಎಡವಟ್ಟು ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಆಗುವಂಥದ್ದೇ. ಶಾಲಾಭಿವೃದ್ಧಿ ಸಮಿತಿಯವರೋ (ಎಸ್‌ಡಿಎಂಸಿ) ಹಳೆ ವಿದ್ಯಾರ್ಥಿಗಳೋ ಚಿತ್ತಾರ ಮಾಡಿಸಲು ಹೊರಟಿದ್ದರೆ ಈ ಮೂರನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಮ್ಮ ಲೆಕ್ಕದಲ್ಲಿ ಕಲಾವಿದೆಗೆ ಪೂರ್ತಿ ಅಂಕ, ಗೋಡೆ ತಯಾರು ಮಾಡಿದವರಿಗೆ ಅರ್ಧ, ಕಾಂಪೌಂಡನ್ನು ಆರಿಸಿದವರಿಗೆ ಸೊನ್ನೆ.

ಮೊದಲು ಚಿತ್ತಾರದ ವಿಷಯ. ಸಾಗರ, ಸೊರಬ, ಹೊಸನಗರ, ಪಕ್ಕದ ಸಿದ್ದಾಪುರದ ಕಡೆ ದೀವರ ಹೆಂಗಸರು ಮದುವೆಗೆ ಬರೆಯುವ ಗೋಡೆ ಚಿತ್ರ ಇದು. ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯುತ್ತಾರೆ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕೆಂಪಿಗೆ ಕೆಮ್ಮಣ್ಣು. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ತರಬೇಕಾದ್ದು ಒಂದೂ ಇಲ್ಲ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈಯ ಬರಹ ಇರುತ್ತದೆ. ಇತ್ತೀಚೆಗೆ ಹಲಗೆ, ಬಟ್ಟೆ, ಕೈಕಾಗದದ ಮೇಲೂ ಬರೆಯುತ್ತಾರೆ. ಸಾಗರ ತಾಲ್ಲೂಕಿನ ಸಿರಿವಂತೆ, ಹಸುವಂತೆ ಊರುಗಳ ಹೆಸರು ಈ ಕಲೆಯಿಂದಲೇ ಹೊರಗಿನವರಿಗೂ ಗೊತ್ತು.

ಜಗುಲಿಯ ಚಿತ್ತಾರ ಸುಮಾರು 12 ಅಡಿ ಅಗಲ, 6 ಅಡಿ ಎತ್ತರ. ನಡುವೆ ಚೌಕದೊಳಗೆ ಚೌಕ, ಅದರೊಳಗೆ ದಂಡಿಗೆಯಲ್ಲಿ (ಪಲ್ಲಕ್ಕಿ) ಕೂತ ಮದುಮಕ್ಕಳು, ಸುತ್ತ ಸಾಲುಗೊಂಬೆ, ಅಂಚಿಗೆ ಬಳ್ಳಿ, ಮೇಲೆ ತೋರಣ. ಬಲಗಡೆಗೆ ಒಂದು ತೇರು. ರಚನೆ ನಿಂತಿರುವುದು ಅಂಚಿನ ಮೇಲೆ. ಅಂಚಿನ ಎಳೆಗಳು ಸಮವಾಗಿ ಬರದಿದ್ದರೆ ಒಳಗಿನದೆಲ್ಲ ವಾಲಿದಂತೆ ಕಾಣುತ್ತದೆ. ಇಲ್ಲಿ 12 ಅಡಿ ಉದ್ದಕ್ಕೂ ಎಳೆ ಎಳೆಯ ನಡುವಿನ ಸಂದು ಎಲ್ಲೂ ಕಿರಿದಾಗಿಲ್ಲ, ಹಿರಿದಾಗಿಲ್ಲ. ಮೂಲೆಯಲ್ಲಿ ಅಡ್ಡ ಎಳೆ ಉದ್ದ ಎಳೆಯನ್ನು ಸೇರುವ ಕಡೆ ಬಣ್ಣ ಮುದ್ದೆಯಾಗಿಲ್ಲ. ಅನುಭವ ಇಲ್ಲದವರ ಕೆಲಸ ಸಿಕ್ಕಿಬೀಳುವುದೇ ಈ ಮೂಲೆಗಳಲ್ಲಿ.

ಎಳೆಯನ್ನು ಒಂದಡಿ ದೂರದಿಂದ ನೋಡಿ. ನಾರಿನಿಂದ ಎಳೆದ ಗೆರೆಗೆ ತಲೆ, ಬಾಲ ಎರಡೂ ಇರುತ್ತವೆ: ನಾರು ಬಣ್ಣಕ್ಕೆ ಅದ್ದಿ ಗೋಡೆಗೆ ಇಟ್ಟ ಕಡೆ ಸ್ವಲ್ಪ ದಪ್ಪ, ಬಣ್ಣ ತೀರುವ ಕಡೆ ಸಣ್ಣ, ಅಲ್ಲಿಂದಲೇ ಮುಂದಿನ ಅದ್ದು. ಹೀಗಾಗಿ ಉದ್ದದ ಗೆರೆಯಲ್ಲಿ ಗೇಣಿಗೊಂದು ಸಣ್ಣ ಉಸಿರು ಕಾಣಿಸುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿ ನಡುವೆ ರೋಲರ್ ಓಡಿಸಿದ ಗೆರೆಗೆ ಈ ಉಸಿರಿಲ್ಲ; ಎರಡೂ ಬದಿಗೆ ಉಗುರಿಗೆ ಸಿಗುವ ಏಣು ಇರುತ್ತದೆ, ಮುಂದೆ ಸಿಪ್ಪೆ ಏಳುವುದು ಆ ಏಣಿನಿಂದಲೇ. ಈ ಜಗುಲಿಯಲ್ಲಿ ಟೇಪ್ ಬಳಸಿಲ್ಲ. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಮಿಡಿದು ಗುರುತು ಮಾಡಿಕೊಂಡು, ಆ ಗುರುತಿನ ಮೇಲೆ ಕೈಯಿಂದ ಎಳೆದಿದ್ದಾರೆ. ಎಡಮೂಲೆಯಲ್ಲಿ ಆ ಸುಣ್ಣದ ಗೆರೆ ಇನ್ನೂ ಮಬ್ಬಾಗಿ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಹೋಗುತ್ತಿತ್ತು, ಸಣ್ಣ ವಿಷಯ.

ಒಂದು ತಕರಾರು ಉಂಟು. ಮದುವೆ ಹಸೆಯ ಚಿತ್ತಾರವನ್ನು ಹಾಗೆಯೇ ಶಾಲೆಗೆ ತಂದಿದ್ದಾರೆ. ತಪ್ಪೇನಲ್ಲ, ಆದರೆ ಮಕ್ಕಳ ಕಣ್ಣಿಗೆ ಹತ್ತಿರವಾದ ವಸ್ತು ಬೇರೆ ಬೇಕಾದಷ್ಟಿತ್ತು. ಭೂಮಣ್ಣಿ ಬುಟ್ಟಿಯ ಮೇಲೆ ಬರುವ ಭತ್ತದ ಸಸಿ, ಹಕ್ಕಿ, ಏಣಿ, ದನಕರು ಇವೆಲ್ಲ ಜಗುಲಿಗೆ ಹೇಳಿ ಮಾಡಿಸಿದಂತಿರುತ್ತಿದ್ದವು. ನೀವು ಮಾಡಿಸುವುದಾದರೆ ಕಲಾವಿದೆಯ ಜೊತೆ ಕೂತು ಮೊದಲೇ ಮಾತಾಡಿ. ಇದನ್ನು ಬರೆಯಿರಿ ಎಂದು ಮೊಬೈಲಿನಲ್ಲಿ ಯಾವುದೋ ಫೋಟೋ ತೋರಿಸಬೇಡಿ. ಅವರ ಕೈಗೆ ಪಳಗಿದ ಚಿತ್ತಾರಗಳ ಪಟ್ಟಿ ಅವರ ಹತ್ತಿರ ಇರುತ್ತದೆ, ಅದರಿಂದ ಆರಿಸಿ. ಗಣಿತದ ಮೇಷ್ಟರಿಗೆ ಇದರಲ್ಲಿ ಸಮಮಿತಿ, ಸಮಾಂತರ ರೇಖೆ, ತ್ರಿಕೋನದ ಜೋಡಣೆ ಎಲ್ಲ ಸಿಗುತ್ತದೆ, ಅದಕ್ಕೆಂದು ಚಿತ್ತಾರದ ಮೇಲೆ ಕೋನದ ಅಳತೆ ಬರೆಸುವ ಅಗತ್ಯವಿಲ್ಲ.

ಇನ್ನು ಬಣ್ಣ. ಮಣ್ಣು, ಅಕ್ಕಿಯ ಬಣ್ಣವೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಸಿಮೆಂಟ್ ಗಿಲಾವಿನ ಶಾಲಾ ಗೋಡೆಗೆ ಅದು ಆಗುವುದಿಲ್ಲ. ಮಣ್ಣಿನ ಗೋಡೆ ಕೆಮ್ಮಣ್ಣನ್ನು ಒಳಗೆ ಹಿಡಿದುಕೊಳ್ಳುತ್ತದೆ. ನುಣ್ಣಗೆ ತಿಕ್ಕಿದ ಸಿಮೆಂಟಿನ ಮೇಲೆ ಕೆಮ್ಮಣ್ಣು ಒಣಗಿ ಬಿರಿದು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಅಲ್ಲದೆ ಮನೆಯ ಹಸೆ ಗೋಡೆಯನ್ನು ಮತ್ತೆ ಸಾರಿಸಿ ಮತ್ತೆ ಬರೆಯುವ ರೂಢಿ ಇದೆ, ಶಾಲೆಯಲ್ಲಿ ಯಾರು ಬರೆಯುತ್ತಾರೆ? ಅಕ್ಕಿಯ ಬಿಳಿ ಜಿರಲೆ, ಬೆಳ್ಳಿಮೀನು ಹುಳಕ್ಕೆ ಊಟ. ಜುಲೈ ತಿಂಗಳ ತೇವಕ್ಕೆ ಅದರ ಮೇಲೆ ಬೂಷ್ಟು ಬರುತ್ತದೆ. ಬೀಜದ ಹಳದಿ ಬಿಸಿಲಿಗೆ ಮಾಸುತ್ತದೆ. ನಾಲ್ಕರಲ್ಲಿ ಬಿಸಿಲಿಗೆ ಹೆದರದಿರುವುದು ಕೆಮ್ಮಣ್ಣು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ವರ್ಷಗಟ್ಟಲೆ ಬಿಸಿಲಲ್ಲಿದ್ದರೂ ಬಣ್ಣ ಕಳೆದುಕೊಳ್ಳುವುದಿಲ್ಲ. ಬೂಷ್ಟಿಗೆ ಮದ್ದೆಂದು ಅಕ್ಕಿ ಹಿಟ್ಟಿಗೆ ಅಡಿಕೆ ತೋಟದ ಮೈಲುತುತ್ತ ಕಲಸುವ ಸಲಹೆ ಕೊಡುವವರೂ ಇರುತ್ತಾರೆ. ಅದು ವಿಷ, ಮಕ್ಕಳು ಕೈಯಾಡಿಸುವ ಗೋಡೆಗೆ ಕೂಡದು.

ಜಗುಲಿಯಲ್ಲಿ ಬಳಸಿರುವುದು ಎಕ್ಸ್‌ಟೀರಿಯರ್ ಎಮಲ್ಷನ್, ಅಂದರೆ ಹೊರಗೋಡೆಗೆ ಬಳಿಯುವ ನೀರಿನ ಬಣ್ಣ. ಒಳ್ಳೆಯ ತೀರ್ಮಾನ. ನೆಲದ ಕೆಂಪಿಗೆ ಅಂಗಡಿಯ ಯಂತ್ರದಲ್ಲಿ ಕಲಸಿಕೊಟ್ಟ ಟೆರಾಕೋಟಾ ಛಾಯೆ ತೆಗೆದುಕೊಂಡಿದ್ದಾರೆ, ಒಂಚೂರು ಕಿತ್ತಳೆಗೆ ತಿರುಗಿದೆ. ಕೆಮ್ಮಣ್ಣಿನ ಹತ್ತಿರ ಬರಬೇಕಾದರೆ ಊರಿನ ಮಣ್ಣನ್ನೇ ನೀರಲ್ಲಿ ಕಲಸಿ ಕಾಗದಕ್ಕೆ ಬಳಿದು, ಒಣಗಿದ ಮೇಲೆ ಅಂಗಡಿಗೆ ಒಯ್ದು ಛಾಯೆ ಹೊಂದಿಸಿ. ಹಸಿ ಮಣ್ಣು ತೋರಿಸಿದರೆ ಕಡು ಬಣ್ಣ ಕೊಟ್ಟುಬಿಡುತ್ತಾರೆ. ಹೊಳಪಿಲ್ಲದ್ದನ್ನೇ ಕೇಳಿ. ಹೊಳೆಯುವ ಕೆಂಪಿನ ಮೇಲೆ ಬಿಳಿ ಎಳೆ ಪ್ಲಾಸ್ಟಿಕ್ ಚಾಪೆಯ ತರಹ ಕಾಣುತ್ತದೆ. ಎಳೆಗೆ ಅದೇ ಎಮಲ್ಷನ್ನಿನ ಬಿಳಿ, ನೀರು ಬೆರೆಸಿ ತೆಳುವಾಗಿಸಿದ್ದು. ಪುಂಡಿ ನಾರಿಗೆ ಎಮಲ್ಷನ್ ಬೇಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಾಲ್ಕಾರು ನಾರು ಸಿದ್ಧ ಇಟ್ಟುಕೊಂಡು, ಬಳಸಿದ್ದನ್ನು ನೀರಿನ ಲೋಟದಲ್ಲಿ ಹಾಕುತ್ತ ಹೋಗಬೇಕು. ಕಲಾವಿದೆಗೆ ಇದು ಗೊತ್ತಿರುತ್ತದೆ, ಸಹಾಯಕ್ಕೆ ನಿಂತ ಮಕ್ಕಳಿಗೆ ಹೇಳಿಕೊಡಬೇಕು.

ಈಗ ಕಾಂಪೌಂಡಿಗೆ ಬರೋಣ, ಹೇಳಬೇಕಾದ್ದು ಹೆಚ್ಚಿರುವುದು ಇಲ್ಲಿಯೇ. ಸುಮಾರು 30 ಅಡಿ ಉದ್ದ, ಗೋಡೆ ಜಂಬಿಟ್ಟಿಗೆಯದು, ರಸ್ತೆ ಕಡೆಗೆ ಮಾತ್ರ ಸಿಮೆಂಟ್ ಗಿಲಾವು. ಒಳಬದಿ ಬೋಳು. ತಲೆಗೆ ಮಳೆನೀರು ಜಾರಿಸುವ ಕಟ್ಟು ಇಲ್ಲ. ಒಳಗಡೆ ಆಟದ ಮೈದಾನ ಸಮ ಮಾಡುವಾಗ ಮಣ್ಣು ಗೋಡೆಗೆ ಒತ್ತಿ ಎರಡಡಿ ಏರಿದೆ. ಅಂದರೆ ಮಳೆನೀರು ಮೂರು ದಾರಿಯಿಂದ ಗೋಡೆ ಸೇರುತ್ತದೆ: ತಲೆಯಿಂದ, ಬೆನ್ನಿನಿಂದ, ಬುಡದಿಂದ. ಒಳಗೆ ಹೋದ ನೀರು ಹೊರಬರಲು ಇರುವ ಒಂದೇ ಮುಖ ಚಿತ್ತಾರ ಬರೆದದ್ದು. ಆ ಮುಖಕ್ಕೆ ಹಿಂದೆ ಯಾವಾಗಲೋ ಆಯಿಲ್ ಪೇಂಟ್ ಹೊಡೆದಿದ್ದಾರೆ. ಅದನ್ನು ಕೆರೆಯದೆ ಮೇಲೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದಿದ್ದಾರೆ, ಕೆಮ್ಮಣ್ಣಿನ ಬಣ್ಣಕ್ಕೆ ಹೊಂದುತ್ತದೆ, ಅಗ್ಗವೂ ಹೌದು ಎಂಬ ಲೆಕ್ಕ. ರೆಡ್ ಆಕ್ಸೈಡ್ ಪ್ರೈಮರ್ ಇರುವುದು ಕಬ್ಬಿಣದ ಗೇಟಿಗೆ, ಕಿಟಕಿ ಸರಳಿಗೆ. ಅದರ ಎಣ್ಣೆ ಸಿಮೆಂಟಿನ ಕ್ಷಾರದೊಡನೆ ಕೂಡಿ, ನೀರು ಸೇರಿದಾಗ ಸಾಬೂನಾಗುತ್ತದೆ, ಹಿಡಿತ ಬಿಡುತ್ತದೆ. ಎಣ್ಣೆ ಬಣ್ಣದ ಪೊರೆಯಿಂದ ಗೋಡೆಯ ತೇವ ಉಸಿರಾಡಲೂ ಆಗುವುದಿಲ್ಲ. ಮಳೆಗಾಲ ಮುಗಿದು ಬಿಸಿಲು ಬಿದ್ದಾಗ ಒಳಗಿನ ನೀರು ಆವಿಯಾಗಿ ಪೊರೆಯನ್ನು ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಒಡೆದಲ್ಲಿ ಬಿಳಿ ಉಪ್ಪು. ಕಾಂಪೌಂಡಿನ ಮೇಲೆ ಈಗ ಕಾಣುವುದು ಇದೇ ಕ್ರಮ, ಎಡದಿಂದ ಬಲಕ್ಕೆ ಓದಿಕೊಳ್ಳಬಹುದು. ಮಣ್ಣು ಏರಿದ ಕಡೆ ಗೊಂಬೆಗಳ ಕಾಲೇ ಇಲ್ಲ. ಅದರಾಚೆ ಮರದ ನೆರಳಿಗೆ ಬರುವ ಭಾಗದಲ್ಲಿ ಪಾಚಿ ಹಿಡಿದು ಬಿಳಿ ಎಳೆ ಕಪ್ಪಾಗಿದೆ.

ಇಷ್ಟಾದ ಮೇಲೆ ದೂರು ಹೋಗುವುದು ಕಲಾವಿದೆಯ ಮೇಲೆ, ಬಣ್ಣ ಸರಿ ಇರಲಿಲ್ಲ ಎಂದು. ಬಣ್ಣ ಸರಿಯಾಗಿಯೇ ಇತ್ತು. ಬಿದ್ದ ಸಿಪ್ಪೆಯೊಂದನ್ನು ತಿರುಗಿಸಿ ನೋಡಿದರೆ ಎಮಲ್ಷನ್ ಕೆಳಗಿನ ಪದರಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆ. ಆ ಸಿಪ್ಪೆ ಬಿಟ್ಟಿರುವುದು ಹಳೇ ಆಯಿಲ್ ಪೇಂಟ್ ಮತ್ತು ಗಿಲಾವಿನ ನಡುವೆ. ಸಿಪ್ಪೆಯ ಬೆನ್ನಿಗೆ ಗಿಲಾವಿನ ಪುಡಿ ಹತ್ತಿಕೊಂಡಿದ್ದರೆ ತಪ್ಪು ಗೋಡೆಯದು. ಬೆನ್ನು ನುಣ್ಣಗಿದ್ದು ಎರಡು ಬಣ್ಣದ ನಡುವೆ ಬಿಟ್ಟಿದ್ದರೆ ಕೆರೆಯದೆ ಬಳಿದದ್ದರದು. ಇಲ್ಲಿ ಎರಡೂ ಸಿಗುತ್ತವೆ.

ಗೋಡೆಗೇ ಬರೆಸುವುದಾದರೆ ಕೆಲಸದ ಕ್ರಮ ಹೀಗೆ. ಮೊದಲು ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಮರುದಿನ ಬಿಚ್ಚಿ. ಹಾಳೆಯ ಒಳಮೈಗೆ ಹನಿ ಕೂತಿದ್ದರೆ, ಇಲ್ಲವೇ ಅಷ್ಟು ಜಾಗ ಕಪ್ಪಿಟ್ಟಿದ್ದರೆ, ಆ ಗೋಡೆ ಬೇಡ. ಬುಡ, ನಡು, ಕಿಟಕಿ ಕೆಳಗೆ ಮೂರು ಕಡೆ ನೋಡಬೇಕು. ಆಮೇಲೆ ಅಂಗೈ ಪರೀಕ್ಷೆ: ಗೋಡೆ ಉಜ್ಜಿದಾಗ ಕೈಗೆ ಬಿಳಿ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಕೆರೆಯುವ ಲೋಹದ ಪಟ್ಟಿಯಲ್ಲಿ ಪೂರ್ತಿ ಕೆರೆದು, ನೀರು ಹಾಕಿ ತೊಳೆದು, ಒಣಗಲು ಬಿಡಬೇಕು. ಹೊಸ ಗಿಲಾವಾದರೆ 28 ದಿನ ಕಳೆಯದೆ ಬಣ್ಣ ಮುಟ್ಟಿಸಬಾರದು.

ಹಳೇ ಆಯಿಲ್ ಪೇಂಟ್ ಕೆರೆಯುವಾಗ ಒಂದು ಎಚ್ಚರಿಕೆ ಇದೆ, ಶಾಲೆಗಳಲ್ಲಿ ಯಾರೂ ಇದನ್ನು ಗಮನಿಸುವುದಿಲ್ಲ. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಎನಾಮಲ್ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದನ್ನು ಉಜ್ಜುಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ಟಾರ್ಪಾಲ್ ಹಾಸಿ, ಸಿಪ್ಪೆಯನ್ನು ಮಡಚಿ ಚೀಲಕ್ಕೆ ಹಾಕಿ. ಶಾಲೆಗೆ ರಜೆ ಇರುವಾಗ ಮಾಡಿ, ಶ್ರಮದಾನದ ಹೆಸರಲ್ಲಿ ಮಕ್ಕಳ ಕೈಗೆ ಕೆರೆಯುವ ಪಟ್ಟಿ ಕೊಡಬೇಡಿ.

ಲೆಕ್ಕಕ್ಕೆ 20 ಅಡಿ ಉದ್ದ, 6 ಅಡಿ ಎತ್ತರದ ಗೋಡೆ ಇಟ್ಟುಕೊಳ್ಳಿ, 120 ಚದರ ಅಡಿ. ಗೋಡೆ ಸುಮಾರಾಗಿ ಸಮ ಇದ್ದರೆ ನೀರಿನ ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೈಗೆ ಒಂದೂವರೆ ಲೀಟರ್ ಧಾರಾಳ. ಕೆಂಪು ಎಮಲ್ಷನ್ ಎರಡು ಕೈಗೆ ಎರಡೂವರೆ ಲೀಟರ್ ಹಿಡಿಯಿರಿ. ಎರಡು ಕೈಯೂ ಸೇರಿ ಲೀಟರಿಗೆ 50ರಿಂದ 60 ಚದರ ಅಡಿ ಬರುತ್ತದೆ, ಒರಟು ಗೋಡೆಯಾದರೆ ಇನ್ನೂ ಕಡಿಮೆ. ಬಿಳಿ ಒಂದು ಲೀಟರ್, ಕಪ್ಪು, ಹಳದಿ 200 ಮಿಲಿಯ ಚಿಕ್ಕ ಡಬ್ಬಿಗಳು ಸಾಕು. ಎರಡು ಕೈಗಳ ನಡುವೆ ನಾಲ್ಕು ತಾಸು ಬಿಡಬೇಕು, ಮೋಡ ಇದ್ದರೆ ಇನ್ನೂ ಹೆಚ್ಚು. ಎರಡನೇ ಕೈ ಆದ ಮೇಲೆ ಒಂದು ರಾತ್ರಿ ಕಳೆದು ಎಳೆ ಶುರು ಮಾಡಿದರೆ ಗೆರೆ ಹರಡುವುದಿಲ್ಲ. ಪುಟ್ಟಿಯನ್ನು ಗೋಡೆಗೆಲ್ಲ ಬಳಿಯಬೇಡಿ, ಬಿರುಕಿಗೆ, ಗುಂಡಿಗೆ ಮಾತ್ರ. ನುಣುಪಾದ ಪುಟ್ಟಿಯ ಮೇಲೆ ನಾರು ಜಾರುತ್ತದೆ, ಎಳೆ ಹಿಡಿತಕ್ಕೆ ಬರುವುದಿಲ್ಲ. ಸ್ವಲ್ಪ ತರಿ ಇರುವ ಮೈಯೇ ಚಿತ್ತಾರಕ್ಕೆ ಒಳ್ಳೆಯದು.

ಕಾಲ ಮುಖ್ಯ. ಸಾಗರದ ಕಡೆ ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಗೋಡೆ ಒಣಗಿರುತ್ತದೆ. ದಸರಾ ರಜೆಯಲ್ಲಿ ಮಾಡಿ ಮುಗಿಸೋಣ ಎಂದರೆ ಗೋಡೆಯೊಳಗೆ ಆ ವರ್ಷದ ಮಳೆ ಇನ್ನೂ ಇರುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಸಂಜೆಯ ಅಡ್ಡಮಳೆ ಹಸಿ ಬಣ್ಣ ತೊಳೆದು ಹಾಕುತ್ತದೆ, ಮಧ್ಯಾಹ್ನದ ಬಿಸಿಗೆ ಕಾದ ಗೋಡೆಯಲ್ಲಿ ಬಣ್ಣ ಎಳೆಯುವ ಮೊದಲೇ ಒಣಗುತ್ತದೆ. ಬೆಳಿಗ್ಗೆ ನೆರಳಿರುವ ಹೊತ್ತಿಗೆ ಎಳೆ ಮುಗಿಸಬೇಕು. ಮೇಲೆ ರಕ್ಷಣೆಗೆ ಕ್ಲಿಯರ್ ಕೋಟ್ ಹಾಕುವುದಾದರೆ ನೀರಿನದ್ದು, ಹೊಳಪಿಲ್ಲದ್ದು. ಮರಕ್ಕೆ ಹಚ್ಚುವ ವಾರ್ನಿಷ್ ಬಿಳಿಯನ್ನು ವರ್ಷದೊಳಗೆ ಹಳದಿ ಮಾಡುತ್ತದೆ.

ಜಗುಲಿಯ ಕೆಳಗಿನ ಒಂದಡಿ ಹೋದದ್ದಕ್ಕೆ ಕಾರಣ ತೇವವಲ್ಲ, ಮಕ್ಕಳು. ಗೋಡೆಗೆ ಒರಗಿ ಕೂರುತ್ತಾರೆ, ಚಪ್ಪಲಿ ಬಿಟ್ಟು ಗೋಡೆಗೆ ತಳ್ಳುತ್ತಾರೆ, ಬಿಸಿಯೂಟದ ಸಾಲಿನಲ್ಲಿ ನಿಂತು ಹಿಮ್ಮಡಿ ಊರುತ್ತಾರೆ. ಶಾಲೆ ಎಂದ ಮೇಲೆ ಇದು ಇದ್ದದ್ದೇ, ಗದರಿಸಿ ಪ್ರಯೋಜನವಿಲ್ಲ. ಚಿತ್ತಾರವನ್ನು ನೆಲದಿಂದ ಎರಡೂವರೆ ಅಡಿ ಮೇಲಿಂದ ಶುರು ಮಾಡಿ, ಕೆಳಗೆ ಅದೇ ಕೆಂಪಿನ ಬೋಳು ಪಟ್ಟಿ ಬಿಡಬೇಕಿತ್ತು. ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ಯಾರು ಬೇಕಾದರೂ ಬಳಿಯಬಹುದು. ಹಾಗೆಂದು ಐದಡಿ ಮೇಲಕ್ಕೂ ಒಯ್ಯಬೇಡಿ. ಒಂದನೇ ತರಗತಿಯ ಮಗು ಕತ್ತೆತ್ತಿ ನೋಡುವ ಎತ್ತರಕ್ಕೆ ಸಾಲುಗೊಂಬೆ ಬರಬೇಕು, ತೇರು, ತೋರಣ ಮೇಲಿದ್ದರೆ ನಡೆಯುತ್ತದೆ.

ಇನ್ನೊಂದು ಹಾವಳಿ ಚುನಾವಣೆಯದು. ಸರ್ಕಾರಿ ಶಾಲೆ ಎಂದರೆ ಮತಗಟ್ಟೆ. ಮತಗಟ್ಟೆ ಸಂಖ್ಯೆ ಗೋಡೆಗೆ ಬರೆಯುತ್ತಾರೆ, ಸೂಚನಾ ಪತ್ರ ಮೈದಾ ಗೋಂದು ಹಾಕಿ ಅಂಟಿಸುತ್ತಾರೆ, ಕೀಳುವಾಗ ಬಣ್ಣವೂ ಬರುತ್ತದೆ. ಈ ಜಗುಲಿಯ ತೇರಿನ ಚಕ್ರದ ಮೇಲೆ ಕಾಗದ ಕಿತ್ತ ಗುರುತು ಸ್ಪಷ್ಟವಾಗಿದೆ. ಬಾಗಿಲಿನ ಎರಡೂ ಬದಿಗೆ ಎರಡಡಿ ಅಗಲ ಖಾಲಿ ಬಿಟ್ಟು, ಅಲ್ಲಿ ಒಂದು ಸಾಫ್ಟ್‌ಬೋರ್ಡ್ ಹೊಡೆಸಿದರೆ ಮತಗಟ್ಟೆಯ ಕಾಗದವೂ ಅಲ್ಲೇ ಹೋಗುತ್ತದೆ, ಶಾಲೆಯ ಸುತ್ತೋಲೆಯೂ ಅಲ್ಲೇ. ಸ್ವಾತಂತ್ರ್ಯ ದಿನದ ಬಣ್ಣದ ಕಾಗದವನ್ನು ಸೆಲ್ಲೋ ಟೇಪಿನಲ್ಲಿ ಚಿತ್ತಾರದ ಮೇಲೆ ಅಂಟಿಸುವುದನ್ನಂತೂ ಶಿಕ್ಷಕರೇ ತಡೆಯಬೇಕು. ಚಿತ್ತಾರದ ಮೇಲಂಚಿನಲ್ಲಿ ನಾಲ್ಕು ಕೊಕ್ಕೆ ಮೊದಲೇ ಹೊಡೆದಿಟ್ಟರೆ ತೋರಣ ಕಟ್ಟಲು ಟೇಪೇ ಬೇಡ.

ಮುಖ್ಯ ಶಿಕ್ಷಕರ ಕೊಠಡಿಯ ಹಲಗೆ ಮೂರರಲ್ಲಿ ನಮಗೆ ಹೆಚ್ಚು ಹಿಡಿಸಿದ್ದು. 4 ಅಡಿಗೆ 3 ಅಡಿ, ವಾಟರ್‌ಪ್ರೂಫ್ ಪ್ಲೈವುಡ್, ಮೇಲೆ ಹತ್ತಿ ಬಟ್ಟೆ ಅಂಟಿಸಿ ಕೆಮ್ಮಣ್ಣು ಬಳಿದದ್ದು. ಇಲ್ಲಿ ಮಾತ್ರ ಮೂಲ ಬಣ್ಣಗಳೇ. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕಲಸಿ, ಹಿಡಿತಕ್ಕೆ ಫೆವಿಕಾಲ್ ಸೇರಿಸಿದ್ದಾರೆ. ಅಂಟಿನ ಹದ ಸರಿಯಾಗಿ ಬಿದ್ದಿದೆ: ಹೆಚ್ಚಾಗಿದ್ದರೆ ಮೈ ಹೊಳೆಯುತ್ತಿತ್ತು, ಕಡಿಮೆಯಾಗಿದ್ದರೆ ಒಣ ಬೆರಳಿಗೆ ಕೆಂಪು ಹತ್ತುತ್ತಿತ್ತು. ಎರಡೂ ಇಲ್ಲ. ಹತ್ತಿರದಿಂದ ನೋಡಿದರೆ ಅಕ್ಕಿಯ ಬಿಳಿ ಮೈಯಿಂದ ಕೂದಲೆಳೆಯಷ್ಟು ಉಬ್ಬಿ ನಿಂತಿದೆ, ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ಎಳೆಗೂ ಸಣ್ಣ ನೆರಳು. ಎಮಲ್ಷನ್ನಿನ ಬಿಳಿಯಲ್ಲಿ ಈ ನೆರಳು ಬರುವುದಿಲ್ಲ. ಬಿಳಿಯೂ ಹಾಲಿನ ಬಿಳಿಯಲ್ಲ, ಕೊಂಚ ಮಾಸಲು, ಕೆಂಪಿನ ಜೊತೆ ಜಗಳವಾಡದ ಬಿಳಿ.

ಹಲಗೆ ಕಟ್ಟಿದ ರೀತಿಯೂ ಅಚ್ಚುಕಟ್ಟು. ಬೆನ್ನಿಗೂ ಒಂದು ಕೈ ಬಣ್ಣ ಹಚ್ಚಿದ್ದಾರೆ. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ತೇವ ಹೀರಿ ಪ್ಲೈವುಡ್ ಬಿಲ್ಲಾಗುತ್ತದೆ. ಗೋಡೆಗೆ ನೇರ ಒತ್ತದೆ ನಾಲ್ಕು ಮೂಲೆಗೆ ಮುಕ್ಕಾಲು ಇಂಚಿನ ಮರದ ತುಂಡು ಕೊಟ್ಟಿದ್ದಾರೆ, ಹಿಂದೆ ಗಾಳಿ ಆಡುತ್ತದೆ. ಗಾಜು ಹಾಕಿಲ್ಲ. ಗಾಜು ಹಾಕಲೇಬೇಕೆಂದಿದ್ದರೆ ಚಿತ್ರಕ್ಕೂ ಗಾಜಿಗೂ ನಡುವೆ ಕಾಲು ಇಂಚಿನ ಪಟ್ಟಿ ಕೊಡಿಸಿ. ಗಾಜು ಅಕ್ಕಿಯ ಬಿಳಿಗೆ ತಾಗಿದರೆ ಮಳೆಗಾಲದಲ್ಲಿ ಬೆವರು ಕೂತು ಅಲ್ಲೇ ಬೂಷ್ಟು ಹುಟ್ಟುತ್ತದೆ, ಗಾಜು ತೆಗೆಯುವಾಗ ಎಳೆಯೂ ಕಿತ್ತು ಬರುತ್ತದೆ. ಒಂದೇ ಕೊರತೆ ಎಂದರೆ ಹಲಗೆ ಇರುವ ಜಾಗ. ಮಕ್ಕಳು ಆ ಕೊಠಡಿಗೆ ಹೋಗುವುದು ಬೈಸಿಕೊಳ್ಳುವುದಕ್ಕೆ. ಇಂಥದ್ದನ್ನು ಚಿಕ್ಕ ಮಕ್ಕಳ ನಲಿ-ಕಲಿ ಕೊಠಡಿಯಲ್ಲಿ, ಕಿಟಕಿಯ ಎದುರು ಗೋಡೆಗಲ್ಲ, ಕಿಟಕಿ ಇರುವ ಗೋಡೆಗೇ ತೂಗುಹಾಕಿದರೆ ನೇರ ಬಿಸಿಲೂ ತಪ್ಪುತ್ತದೆ, ಮಕ್ಕಳೂ ನೋಡುತ್ತಾರೆ.

ಕಾಂಪೌಂಡಿನ ದುಡ್ಡಿನಲ್ಲಿ ಇಂಥ ಹಲಗೆ ನಾಲ್ಕಾದರೂ ಬರೆಸಬಹುದಿತ್ತು ಎನ್ನಿಸುತ್ತದೆ. ಕಟ್ಟಡ ರಿಪೇರಿಗೆ ಬಂದರೆ ಹಲಗೆ ಬಿಚ್ಚಿಡಬಹುದು. ಸುಣ್ಣಬಣ್ಣದ ಅನುದಾನ ಬಂದಾಗ ಗುತ್ತಿಗೆದಾರರ ಕಡೆಯವರು ಗೋಡೆಯನ್ನೆಲ್ಲ ಒಂದೇ ಸಮ ಬಳಿದುಬಿಡುತ್ತಾರೆ, ಹಲಗೆಯಾದರೆ ಆ ಭಯವೂ ಇಲ್ಲ. ತೆರೆದ ಜಗುಲಿಗೆ ಪ್ಲೈವುಡ್ ಬದಲು 8 ಮಿಲಿಮೀಟರಿನ ಸಿಮೆಂಟ್ ಬೋರ್ಡ್ ಒಳ್ಳೆಯದು. ಗೆದ್ದಲು ಹತ್ತುವುದಿಲ್ಲ, ಎಮಲ್ಷನ್ ಚೆನ್ನಾಗಿ ಹಿಡಿಯುತ್ತದೆ. ಭಾರ ಮಾತ್ರ ಜಾಸ್ತಿ, ಮೊಳೆಗೆ ತೂಗುಹಾಕದೆ ಸ್ಕ್ರೂ ಹಾಕಿ ಕೂರಿಸಬೇಕು.

ಕಲಾವಿದೆಯ ಜೊತೆಗಿನ ವ್ಯವಹಾರ ಈ ಶಾಲೆಯಲ್ಲಿ ಅರ್ಧ ಸರಿ. ಚದರ ಅಡಿಗೆ ಇಷ್ಟು ಎಂದು ಮಾತಾಡಿದ್ದಾರೆ, ಆದರೆ ಗೋಡೆ ಕೆರೆಯುವುದು, ಪ್ರೈಮರ್, ಅಟ್ಟಣಿಗೆ, ಊಟ, ಬಸ್ ಚಾರ್ಜು ಯಾರದ್ದು ಎಂದು ಬರೆದುಕೊಂಡಿಲ್ಲ. ಗೋಡೆ ಸಿದ್ಧಪಡಿಸುವ ಕೆಲಸವನ್ನು ಪೇಂಟರಿಗೆ ಬೇರೆಯಾಗಿ ಕೊಟ್ಟು, ಎರಡನೇ ಕೈ ಕೆಂಪು ಮುಗಿದ ಮೇಲೆ ಕಲಾವಿದೆಯನ್ನು ಕರೆಸುವುದು ಎಲ್ಲರಿಗೂ ಹಗುರ. ಚದರ ಅಡಿ ಲೆಕ್ಕ ಚಿತ್ತಾರಕ್ಕೆ ಅಷ್ಟು ಹೊಂದುವುದೂ ಇಲ್ಲ. ಬಿಡುಬೀಸಾಗಿ ಬಳ್ಳಿ ಬರೆದ ಒಂದು ಚದರ ಅಡಿಗೂ ಚೌಕದೊಳಗೆ ಚೌಕ ಹೆಣೆದ ಒಂದು ಚದರ ಅಡಿಗೂ ಹಿಡಿಯುವ ಹೊತ್ತಿನಲ್ಲಿ ಬಹಳ ಅಂತರ. ದಿನಗೂಲಿಯಾಗಿಯೂ ಅಲ್ಲದೆ, ಇಂಥ ಚಿತ್ತಾರಕ್ಕೆ ಇಷ್ಟು ಎಂದು ಇಡಿಯಾಗಿ ಮಾತಾಡಿ, ಮೂರನೇ ಒಂದು ಪಾಲು ಮುಂಗಡ ಕೊಡುವುದು ಸರಿಯಾದ ಕ್ರಮ.

ಹೆಸರಿನ ವಿಷಯದಲ್ಲಿ ಮಾತ್ರ ಪೂರ್ತಿ ತಪ್ಪು. ಜಗುಲಿಯ ಬಲ ಮೂಲೆಯಲ್ಲಿ ಬಣ್ಣದ ದಾನಿಗಳ ಹೆಸರು ನಾಲ್ಕು ಸಾಲು, ದೊಡ್ಡಕ್ಷರ. ಬರೆದವರ ಹೆಸರು ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕಲಾವಿದರಿಗೆ ಕೊಡುತ್ತದೆ, ಹಕ್ಕುಸ್ವಾಮ್ಯ ಬೇರೆಯವರಿಗೆ ಹೋದ ಮೇಲೂ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತು ಗೋದಾಮಿಗೆ ಹಾಕಿದ್ದಕ್ಕೆ ದೆಹಲಿ ಹೈಕೋರ್ಟ್ 2005ರಲ್ಲಿ ಇದೇ ಕಲಮಿನ ಅಡಿ ಕೇಂದ್ರ ಸರ್ಕಾರಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಊರ ಶಾಲೆಯ ಚಿತ್ತಾರಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ನಿಜ. ಆದರೂ ಎಡಗಡೆ ಕೆಳಗೆ ಒಂದು ಗೇಣು ಜಾಗದಲ್ಲಿ ಕಲಾವಿದೆಯ ಹೆಸರು, ಊರು, ಇಸವಿ, ಚಿತ್ತಾರದ ಹೆಸರು ಬರೆಸಲು ತಗಲುವುದು ಅರ್ಧ ತಾಸು.

ಬೇರೆ ಶಾಲೆಗಳವರಿಗೆ ಒಂದು ಮಾತು. ಚಿತ್ತಾರ ಬೇಕು ಎಂದಾಗ ಪಟ್ಟಣದ ಕೆಲವು ಗೋಡೆ ಪೇಂಟರುಗಳು ಬರೆದುಕೊಡುವುದು ವರ್ಲಿ. ಕೆಂಪು ಗೋಡೆ, ಬಿಳಿ ಗೆರೆ, ಅದರಲ್ಲೇ ಎರಡೂ ಒಂದೇ ಎಂದುಕೊಂಡುಬಿಡುತ್ತಾರೆ. ವರ್ಲಿ ಮಹಾರಾಷ್ಟ್ರದ ಪಾಲ್ಘರ್ ಕಡೆಯ ಆದಿವಾಸಿಗಳದು. ಎರಡು ತ್ರಿಕೋನ ತುದಿ ಕೂಡಿಸಿದ ಮೈ, ದುಂಡು ತಲೆ, ಸುತ್ತಿ ಸುತ್ತಿ ಕುಣಿಯುವ ಜನ, ಬಯಲಲ್ಲಿ ಚೆಲ್ಲಿದ ರಚನೆ. ಚಿತ್ತಾರ ಚೌಕಟ್ಟಿನೊಳಗಿನ ಕಲೆ. ಅಂಚು ಮೊದಲು, ಸಮಾಂತರ ಎಳೆಗಳು, ಒಂದರೊಳಗೊಂದು ಚೌಕ, ಗೊಂಬೆಗಳು ಸಾಲಾಗಿ ಶಿಸ್ತಿನಲ್ಲಿ. ಗೋಡೆಯಲ್ಲಿ ಅಂಚೇ ಇಲ್ಲದಿದ್ದರೆ ಅನುಮಾನ ಪಡಿ. ವರ್ಲಿ ಬೇಕೆಂದು ವರ್ಲಿ ಬರೆಸುವುದು ಬೇರೆ, ದೀವರ ಚಿತ್ತಾರದ ಹೆಸರಲ್ಲಿ ಅದನ್ನು ಬರೆಸಿ ಫಲಕ ಹಾಕುವುದು ಬೇರೆ.

ಈ ಶಾಲೆ ಈಗ ಮಾಡಬಹುದಾದ್ದು ಏನು? ಕಾಂಪೌಂಡಿನ ಚಿತ್ತಾರ ರಿಪೇರಿಗೆ ನಿಲ್ಲುವುದಿಲ್ಲ. ತಲೆಗೆ ಎರಡು ಇಂಚು ಹೊರಚಾಚಿದ ಇಳಿಜಾರು ಕಟ್ಟು, ಒಳಬದಿಗೆ ಗಿಲಾವು, ಒತ್ತಿದ ಮಣ್ಣು ತೆಗೆಯುವುದು, ಇಷ್ಟಾಗದೆ ಅಲ್ಲಿ ಇನ್ನೊಂದು ಕೈ ಬಣ್ಣ ಬಳಿಯುವುದು ದುಡ್ಡು ದಂಡ. ಜಗುಲಿಯದು ಸುಲಭ. ಕೆಳಗಿನ ಪಟ್ಟಿ ಕೆರೆದು ಬೋಳು ಕೆಂಪು ಬಳಿದು, ಅಂಚಿನ ಎಳೆಗಳನ್ನು ಕಲಾವಿದೆಯಿಂದಲೇ ಮೇಲಕ್ಕೆ ಎತ್ತಿ ಮುಗಿಸಿದರೆ ಸಾಕು. ಚಕ್ರದ ಮೇಲಿನ ಕಾಗದದ ಗುರುತನ್ನು ಉಗುರಲ್ಲಿ ಕೆರೆಯಬೇಡಿ, ಬಿಸಿನೀರಿನ ಬಟ್ಟೆ ಹತ್ತು ನಿಮಿಷ ಒತ್ತಿಟ್ಟರೆ ಮೈದಾ ಗೋಂದು ಮೆತ್ತಗಾಗಿ ಬಿಡುತ್ತದೆ. ಮುಂದೆ ತೇಪೆಗೆಂದು ಅದೇ ಕೆಂಪು, ಅದೇ ಬಿಳಿ ಕಾಲು ಲೀಟರಿನಷ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎತ್ತಿಡಿ, ಮೇಲೆ ಛಾಯೆಯ ಸಂಖ್ಯೆ, ಅಂಗಡಿ, ತಿಂಗಳು ಬರೆದ ಚೀಟಿ ಅಂಟಿಸಿ. ಛಾಯೆಯ ಸಂಖ್ಯೆ ಇಲ್ಲದೆ ಕಣ್ಣಳತೆಯಲ್ಲಿ ತಂದ ಕೆಂಪು ಹಳೆಯದರ ಪಕ್ಕ ಯಾವತ್ತೂ ಹೊಂದುವುದಿಲ್ಲ.